ಕೋಷರ್ ಕೋಳಿಗೆ ಜಾಸ್ತಿ ದುಡ್ಡು ಕೊಡಬೇಕಾ?

ಸಾರು ಮಾಡೋಕಾದರೆ ಬೇಡ. ಇಡೀ ಕೋಳಿಯನ್ನು ಓವನ್‌ನಲ್ಲಿಟ್ಟು ರೋಸ್ಟ್ ಮಾಡೋಕಾದರೆ, ಅದರ ಹಿಂದಿನ ರಾತ್ರಿ ಉಪ್ಪು ಹಚ್ಚಿಡೋ ಪುರುಸೊತ್ತೂ ಇಲ್ಲ ಅಂದರೆ, ತಗೊಳ್ಳಿ. ನ್ಯೂಜೆರ್ಸಿಯಲ್ಲಿರುವ ನನ್ನ ನಾದಿನಿಗೆ ವಾಟ್ಸಾಪ್‌ನಲ್ಲಿ ಇಷ್ಟೇ ಬರೆದೆ. ತಕ್ಷಣ ಮರುಪ್ರಶ್ನೆ ಬಂತು: "ಯಾಕೆ ಅತ್ತಿಗೆ? ಅದು ತುಂಬಾ ಕ್ಲೀನ್ ಅಂತೆ, ಔಷಧಿ ಗಿವ್ಷಧಿ ಏನೂ ಹಾಕಲ್ವಂತೆ." ಈ "ಅಂತೆ"ಗಳ ಬಗ್ಗೆಯೇ ಸ್ವಲ್ಪ ಬರೆಯೋಣ ಅನ್ನಿಸಿತು.

ಕೋಷರ್ ಅಂದರೆ ಯಹೂದಿಗಳ ಆಹಾರ ನಿಯಮಕ್ಕೆ ಒಪ್ಪುವಂಥದ್ದು. ಕೋಳಿ ಕೊಯ್ಯುವವರನ್ನು ಶೋಹೆಟ್ ಅನ್ನುತ್ತಾರೆ. ಅದಕ್ಕೆಂದೇ ಕಲಿತವರು. ಚೂರಿಯಲ್ಲಿ ಒಂದು ಸಣ್ಣ ಮುಕ್ಕೂ ಇರಬಾರದು, ಒಂದೊಂದೇ ಹಕ್ಕಿಯನ್ನು ಕೈಯಲ್ಲೇ ಕೊಯ್ಯಬೇಕು. ಆಮೇಲೆ ಒಳಗಿನ ಭಾಗ, ಕಾಲಿನ ಸ್ನಾಯು ಎಲ್ಲ ನೋಡುತ್ತಾರೆ, ನಿಯಮಕ್ಕೆ ಹೊಂದದ ಗಾಯವೋ ತೂತೋ ಕಂಡರೆ ಆ ಕೋಳಿ ಹೊರಗೆ. ನಮ್ಮ ಅಂಗಡಿಗಳಲ್ಲಿ ಬಿಸಿನೀರಿಗೆ ಅದ್ದಿ ಮೆಷಿನ್ನಿಗೆ ಹಾಕಿದರೆ ಪುಕ್ಕ ಪಟಪಟ ಉದುರುತ್ತಲ್ಲ, ಅಲ್ಲಿ ಅದು ನಡೆಯಲ್ಲ, ಬಿಸಿ ತಗುಲಿದರೆ ರಕ್ತ ಮಾಂಸದೊಳಗೇ ಬೆಂದು ಕೂರುತ್ತದೆ ಅಂತ ತಣ್ಣೀರಲ್ಲೇ ಕೀಳಬೇಕು. ಅದಕ್ಕೇ ಕೋಷರ್ ಕೋಳಿಯ ಚರ್ಮದಲ್ಲಿ ಆಗಾಗ ಪುಕ್ಕದ ಬುಡ ಉಳಿದಿರುತ್ತದೆ. ಜಾಸ್ತಿ ದುಡ್ಡೂ ಕೊಡಿ, ಚಿಮುಟ ಹಿಡಿದುಕೊಂಡೂ ಕೂರಿ!

ಇನ್ನು ಉಪ್ಪಿನ ಕೆಲಸ. ರುಚಿಯ ಗುಟ್ಟೆಲ್ಲ ಇಲ್ಲೇ ಇರೋದು. ಕೋಳಿಯನ್ನು ಅರ್ಧ ಗಂಟೆ ನೀರಲ್ಲಿ ನೆನೆಸುತ್ತಾರೆ. ಒಳಗೂ ಹೊರಗೂ ದಪ್ಪ ಉಪ್ಪು ಹಚ್ಚಿ, ರಕ್ತ ಇಳಿದು ಹೋಗುವ ಹಾಗೆ ಒಂದು ಗಂಟೆ ಇಡುತ್ತಾರೆ. ಕೊನೆಗೆ ಮೂರು ಸಲ ತೊಳೆಯುತ್ತಾರೆ. ಉದ್ದೇಶ ರಕ್ತ ತೆಗೆಯೋದು, ರುಚಿ ಅಲ್ಲ. ಆದರೆ ಎಷ್ಟೇ ತೊಳೆದರೂ ಒಂದಿಷ್ಟು ಉಪ್ಪು ಮಾಂಸದೊಳಗೆ ಇಳಿದಿರುತ್ತದೆ. ಉಪ್ಪು ಇಳಿದ ಮಾಂಸ ಬೇಯುವಾಗ ನೀರು ಬಿಟ್ಟುಕೊಡೋದು ಕಡಿಮೆ, ಎದೆ ಭಾಗ ಕೂಡ ಒಣಗಿ ನಾರಾಗಲ್ಲ. ಕೋಷರ್ ಕೋಳಿ ರುಚಿ ಅಂತ ಅಮೆರಿಕದವರು ಹೊಗಳುವುದರಲ್ಲಿ ಮುಕ್ಕಾಲು ಪಾಲು ಈ ಉಪ್ಪಿನದೇ ಅನ್ನೋದು ನನ್ನ ಲೆಕ್ಕ. ಬಿಪಿ ಇರುವವರು ಸೋಡಿಯಂ ಎಷ್ಟಿದೆ ಅಂತ ಪ್ಯಾಕೆಟ್ ತಿರುಗಿಸಿ ನೋಡಲಿ.

ಅಂದರೆ ಬೆಲೆ ಸುಮ್ನೆ ಏರಿಸಿದ್ದಲ್ಲ. ಕೊಯ್ಯುವವರು, ಪರೀಕ್ಷೆ ಮಾಡುವವರು, ಮೇಲೆ ನಿಂತು ನೋಡುವವರು, ಇಷ್ಟು ಜನರ ಸಂಬಳ ಅದರಲ್ಲಿದೆ. ನಂಬಿಕೆಗಾಗಿ ಕೊಳ್ಳುವವರಿಗೆ ಅದು ನ್ಯಾಯವಾದ ಬೆಲೆಯೇ, ಅವರನ್ನು ರುಚಿ ಹೇಗಿದೆ ಅಂತ ಕೇಳೋದೇ ತಪ್ಪು. ನಾನು ಹೇಳ್ತಿರೋದು ನಮ್ಮಂಥ ಬಾಯಿಚಪಲದವರ ಬಗ್ಗೆ.

ಕ್ಲೀನ್ ಅನ್ನೋ ಮಾತಿಗೆ ಬರೋಣ. ಕೋಳಿಯನ್ನು ಹೇಗೆ ಕೊಯ್ಯಬೇಕು, ಹೇಗೆ ತೊಳೆಯಬೇಕು ಅಂತ ನಿಯಮ ಇದೆಯೇ ಹೊರತು, ಅದಕ್ಕೆ ಏನು ಮೇವು ಹಾಕಬೇಕು, ಆ್ಯಂಟಿಬಯೋಟಿಕ್ ಕೊಡಬೇಕೋ ಬೇಡವೋ ಅಂತ ಕೋಷರ್ ಹೇಳುವುದಿಲ್ಲ. ಆ್ಯಂಟಿಬಯೋಟಿಕ್ ಇಲ್ಲದೆ ಬೆಳೆಸಿದ್ದು ಅಂತ ಬೇರೆ ಲೇಬಲ್ ಇರುತ್ತದೆ, ಅದು ಬೇಕಿದ್ದರೆ ಅದನ್ನೇ ಹುಡುಕಬೇಕು. 2013ರಲ್ಲಿ ನ್ಯೂಯಾರ್ಕ್ ಕಡೆಯ ಅಂಗಡಿಗಳಿಂದ ನಾಲ್ಕು ಬಗೆಯ ಕೋಳಿ ತಂದು ಪರೀಕ್ಷೆ ಮಾಡಿದ ಒಂದು ಅಧ್ಯಯನ ಪ್ರಕಟವಾಯಿತು. ಔಷಧಿಗೆ ಬಗ್ಗದ ಇ-ಕೋಲೈ ಬ್ಯಾಕ್ಟೀರಿಯಾ ಎಲ್ಲಕ್ಕಿಂತ ಜಾಸ್ತಿ ಸಿಕ್ಕಿದ್ದು ಕೋಷರ್‌ನಲ್ಲೇ! ಒಂದು ಊರಿನ ಒಂದು ಅಧ್ಯಯನ, ಅದನ್ನೇ ಹಿಡಿದುಕೊಂಡು ಹೆದರಬೇಕಾಗಿಲ್ಲ. ಚೆನ್ನಾಗಿ ಬೇಯಿಸಿದರೆ ಬ್ಯಾಕ್ಟೀರಿಯಾ ಹೇಗೂ ಸಾಯುತ್ತದೆ. ಆದರೆ ಕೋಷರ್ ಅಂದರೆ ಔಷಧಿ ಇಲ್ಲದ್ದು ಅಂತ ದುಡ್ಡು ಸುರಿಯುವ ಮುಂಚೆ ಇದನ್ನು ತಿಳಿದಿರೋದು ಒಳ್ಳೆಯದು ಅಲ್ವಾ?

ಈಗ ಬೆಂಗಳೂರಿಗೆ ಬನ್ನಿ. ನಮ್ಮ ಕೋಳಿ ಅಂಗಡಿ ಬೋರ್ಡಲ್ಲಿ ವಿತ್ ಸ್ಕಿನ್, ಸ್ಕಿನ್ ಔಟ್, ಬಾಯ್ಲರ್, ನಾಟಿ ಅಂತ ರೇಟ್ ಇರುತ್ತದೆ, ಕೋಷರ್ ಅಂತ ಇರಲ್ಲ. (ಹಲಾಲ್ ಕೂಡ ಹೀಗೇನಾ ಅಂತ ಕೇಳಬೇಡಿ. ಎರಡರಲ್ಲೂ ಕತ್ತು ಕೊಯ್ಯುತ್ತಾರೆ, ಹಲಾಲ್‌ನಲ್ಲಿ ಈ ಉಪ್ಪಿನ ನಿಯಮ ಇಲ್ಲ. 2022ರ ಹೊಸತೊಡಕಿನ ಹೊತ್ತಿಗೆ ಇಲ್ಲಿ ಎದ್ದ ಹಲಾಲ್-ಜಟ್ಕಾ ಜಗಳಕ್ಕೆ ನನ್ನನ್ನು ಎಳೆಯಬೇಡಿ.) ಇಲ್ಲಿ ಕೋಷರ್ ಸಿಕ್ಕಿದರೂ ನಮ್ಮ ಅಡುಗೆಗೆ ಅದರಿಂದ ಏನೂ ಆಗಬೇಕಾಗಿಲ್ಲ. ಸಣ್ಣ ಪೀಸ್ ಮಾಡಿಸುತ್ತೇವೆ, ಅರಿಶಿನ ಉಪ್ಪು ಹಾಕಿ ಹುರಿಯುತ್ತೇವೆ, ಕೊತ್ತಂಬರಿ, ಚಕ್ಕೆ, ಲವಂಗ, ತೆಂಗಿನಕಾಯಿ ರುಬ್ಬಿ ಹಾಕಿ ಕುದಿಸುತ್ತೇವೆ. ಆ ಸಾರಿನಲ್ಲಿ ಮುದ್ದೆ ಅದ್ದಿ ತಿನ್ನುವವನಿಗೆ ಕೋಳಿಗೆ ಮೊದಲೇ ಉಪ್ಪು ಹಚ್ಚಿದ್ದರೋ ಇಲ್ಲವೋ ಅಂತ ದೇವರಾಣೆಗೂ ಗೊತ್ತಾಗಲ್ಲ. ಕಬಾಬ್ ಅಂತೂ ಮಸಾಲೆಯಲ್ಲೇ ಉಪ್ಪು ನೆನೆದಿರುತ್ತದೆ. ವ್ಯತ್ಯಾಸ ಕಾಣೋದು ಬರೀ ಉಪ್ಪು, ಮೆಣಸು, ಬೆಣ್ಣೆಯಲ್ಲಿ ಇಡೀ ಕೋಳಿ ರೋಸ್ಟ್ ಮಾಡಿದಾಗ ಮಾತ್ರ. ಅದಕ್ಕೂ ಮನೆಯಲ್ಲೇ ದಾರಿ ಇದೆ. ಕೆಜಿ ಕೋಳಿಗೆ 15 ಗ್ರಾಂ ಉಪ್ಪು ಎಲ್ಲ ಕಡೆ ಹಚ್ಚಿ, ರಾತ್ರಿಯಿಡೀ ಫ್ರಿಜ್ಜಲ್ಲಿ ಮುಚ್ಚದೆ ಇಡಿ. ತೊಳೆಯಬೇಡಿ, ಬೇರೆ ಉಪ್ಪೂ ಹಾಕಬೇಡಿ. ಮೇಲಿನ ಚರ್ಮ ಒಣಗಿರುವುದರಿಂದ ಇನ್ನೂ ಗರಿಗರಿ ಆಗುತ್ತದೆ. ಅಂಗಡಿಯಿಂದ ಕೋಷರ್ ಕೋಳಿಯನ್ನೇ ತಂದಿದ್ದರೆ ಮಾತ್ರ ಈ ಕೆಲಸ ಮಾಡಬೇಡಿ, ಬಾಯಿಗಿಡೋಕಾಗಲ್ಲ.

ಜಾಸ್ತಿ ದುಡ್ಡು ಕೊಡಲೇಬೇಕು ಅಂತಿದ್ದರೆ ನಾನು ನಾಟಿ ಕೋಳಿಗೆ ಕೊಡುತ್ತೇನೆ. ಬಾಯ್ಲರ್ ಕೋಳಿ ಸುಮಾರು ಆರು ವಾರಕ್ಕೆ ಅಂಗಡಿಗೆ ಬರುತ್ತದೆ. ನಾಟಿ ತಿಂಗಳುಗಟ್ಟಲೆ ಓಡಾಡಿ, ಕೆದಕಿ ತಿಂದು ಬೆಳೆದದ್ದು, ಸಾರಿಗೆ ಆ ರುಚಿ ಉಪ್ಪಿನಿಂದ ಬರಲ್ಲ. ತೊಂದರೆ ಒಂದೇ. ನಾಟಿ ಅಂತ ಹೇಳಿ ಬಣ್ಣದ ಫಾರಂ ಕೋಳಿ ಕೊಟ್ಟು ಕಳಿಸುವವರು ಇದ್ದಾರೆ. ಗಿರಿರಾಜ ಕೂಡ ಬಣ್ಣದ ಕೋಳಿಯೇ, ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲೇ ಅಭಿವೃದ್ಧಿ ಮಾಡಿದ ತಳಿ, ತಿನ್ನೋಕೆ ಚೆನ್ನಾಗೇ ಇರುತ್ತದೆ, ಆದರೆ ನಾಟಿ ರೇಟ್ ಯಾಕೆ ಕೊಡಬೇಕು? ಕೊಯ್ಯುವ ಮುಂಚೆ ಎತ್ತಿ ನೋಡಿ. ನಾಟಿ ಹಗುರ ಇರುತ್ತದೆ, ಎದೆಮೂಳೆ ಕೈಗೆ ಚೂಪಾಗಿ ಸಿಗುತ್ತದೆ. ಎದೆ ತುಂಬಿಕೊಂಡು ಗುಂಡಗಿದ್ದರೆ ರೇಟ್ ಇಳಿಸಿ ಅನ್ನಿ.