ಗದ್ದೆ ತುಂಬಿದರೂ ತೂಬು ಮುಚ್ಚದ ನೀರುಗಂಟಿ

18 ಜುಲೈ 2024, ಗುರುವಾರ

ರಾತ್ರಿ ಹನ್ನೊಂದು ದಾಟಿದೆ. ಅಮ್ಮನಿಗೆ ಈಗಷ್ಟೇ ನಿದ್ದೆ ಹತ್ತಿದೆ. ಇವತ್ತಿನ ಶಸ್ತ್ರಚಿಕಿತ್ಸೆಯ ಗುರುತು ಕುತ್ತಿಗೆಯ ಬುಡದಲ್ಲಿ ಒಂದು ಸಣ್ಣ ಬಿಳಿ ಪಟ್ಟಿ, ಅಷ್ಟೇ. ಆಷಾಢದಲ್ಲಿ ಮೈಗೆ ಕತ್ತಿ ತಾಗಿಸಿಕೊಳ್ಳುವುದಿಲ್ಲ, ಶ್ರಾವಣ ಬರಲಿ ಎಂದು ಹಟ ಹಿಡಿದಿದ್ದವಳು ಇವಳು. ಕಳೆದ ವಾರ ಸ್ಕ್ಯಾನಿಗೆಂದು ಆಗುಂಬೆ ಘಾಟಿ ಇಳಿಯುವಾಗ ಬಸ್ಸಿನ ಪ್ರತಿ ತಿರುವಿನಲ್ಲೂ ಸೊಂಟ ಹಿಡಿದುಕೊಂಡು ನರಳಿದಳು. ಕೆಳಗೆ ಇಳಿದದ್ದೇ, "ಯಾವ ಮಾಸವಾದರೂ ಸರಿ, ಮುಗಿಸಿಬಿಡಿ" ಎಂದಳು. ನಾನು, ತಮ್ಮ ಎಷ್ಟು ಹೇಳಿದರೂ ಆಗದ್ದನ್ನು ಘಾಟಿ ಮಾಡಿತು.

ಸುಮ್ಮನೆ ಕೂರಲಾಗದೆ ಹಳೆಯ ಫೈಲು ಬಿಡಿಸಿದೆ. 2018ರ ರಕ್ತಪರೀಕ್ಷೆಯ ಎರಡನೆಯ ಹಾಳೆಯಲ್ಲಿ, ನಡುವೆ ಎಲ್ಲೋ, ಕ್ಯಾಲ್ಸಿಯಂ 11.2 ಎಂದಿದೆ. ಇರಬೇಕಾದದ್ದು 8.5ರಿಂದ 10.5 ಎಂದು ಪಕ್ಕದಲ್ಲೇ ಅಚ್ಚಾಗಿದೆ. ಆ ಹಾಳೆಗೆ ತೂತು ಹೊಡೆದು ಫೈಲಿಗೆ ಸೇರಿಸಿದವಳು ನಾನೇ. ಅಂದು ನನ್ನ ಕಣ್ಣು ಹೋದದ್ದು ಸಕ್ಕರೆ ಮತ್ತು ಕೊಲೆಸ್ಟ್ರಾಲಿನ ಕಡೆಗೆ ಮಾತ್ರ. ಅಂದಿನ ವೈದ್ಯರೂ ಅವೆರಡನ್ನೇ ನೋಡಿ, "ಎಲ್ಲ ಸರಿಯಾಗಿದೆ" ಎಂದು ಕಳಿಸಿದ್ದರು.

ಆಮೇಲಿನ ಆರು ವರ್ಷಗಳಲ್ಲಿ ಎರಡು ಸಲ ಮೂತ್ರಪಿಂಡದಲ್ಲಿ ಕಲ್ಲು. ಬಾಳೆದಿಂಡಿನ ರಸ ಹಿಂಡಿ ಹಿಂಡಿ ತೋಟದ ಒಂದು ಮೂಲೆಯೇ ಬೋಳಾಯಿತು. ಮಲಬದ್ಧತೆಗೆ ಒಬ್ಬ ವೈದ್ಯರು, ಮೊಣಕಾಲಿಗೆ ಇನ್ನೊಬ್ಬರು, ಮೂಳೆ ನೋವೆಂದಾಗ ಮತ್ತೊಬ್ಬರು ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆ! ಹೊತ್ತಿಲ್ಲದ ಹೊತ್ತಿನಲ್ಲಿ ಮಲಗುವಳು, ಸಣ್ಣ ಮಾತಿಗೂ ಸಿಡುಕುವಳು. ಅಪ್ಪೆಹುಳಿಗೆ ಎರಡು ಸಲ ಉಪ್ಪು ಹಾಕುವಳು. ಅಪ್ಪ ಹೋದ ಮೇಲೆ ಹೀಗಾಗಿದ್ದಾಳೆ ಎಂದು ನಾವು ಒಂದು ಕಾರಣ ಹುಡುಕಿಕೊಂಡೆವು. ಹೋದ ದೀಪಾವಳಿಗೆ ನಾನೇ, "ನಿನಗೆ ಇರುವುದು ಕಾಯಿಲೆಯಲ್ಲ ಅಮ್ಮಾ, ಬೇಸರ. ಎದ್ದು ಓಡಾಡು" ಎಂದಿದ್ದೆ. ಅವಳು ಉತ್ತರಿಸದೆ ಗೋಡೆಯ ಕಡೆ ಮಗ್ಗುಲಾಗಿದ್ದಳು.

ಮಾರ್ಚಿನಲ್ಲಿ ಬಚ್ಚಲಿನಲ್ಲಿ ಸ್ವಲ್ಪ ಜಾರಿದಳು. ಬಿದ್ದಳು ಎನ್ನುವಷ್ಟೂ ಅಲ್ಲ, ಕೈ ಊರಿದಳು. ಮಣಿಕಟ್ಟು ಮುರಿಯಿತು. ಬ್ಯಾಂಡೇಜು ಹಾಕಿದ ಮೂಳೆ ವೈದ್ಯ ನನ್ನ ತಮ್ಮನಿಗಿಂತ ಚಿಕ್ಕ ಹುಡುಗ. "ಇಷ್ಟಕ್ಕೆ ಮುರಿಯಬಾರದಲ್ಲ" ಎಂದು ತನಗೆ ತಾನೇ ಹೇಳಿಕೊಂಡು, ಒಂದೇ ಸಲ ತೆಗೆದ ರಕ್ತದಲ್ಲಿ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನು ಎರಡನ್ನೂ ನೋಡಿಸಿದ. ಕ್ಯಾಲ್ಸಿಯಂ 11.8. ಹೆಚ್ಚೆಂದರೆ 65ರ ಒಳಗಿರಬೇಕಾದ ಹಾರ್ಮೋನು 236.

ಹಾರ್ಮೋನು ತಜ್ಞೆ ಅಮ್ಮನಿಗೆ ಚಿತ್ರ ಬರೆದು ತೋರಿಸಿದರು. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಂತೆ ಪ್ಯಾರಾಥೈರಾಯ್ಡ್ ಎಂಬ ನಾಲ್ಕು ಪುಟ್ಟ ಗ್ರಂಥಿಗಳು, ಒಂದೊಂದೂ ಅಕ್ಕಿ ಕಾಳಿಗಿಂತ ತುಸು ದೊಡ್ಡದು. ಹೆಸರಷ್ಟೇ ಥೈರಾಯ್ಡಿನದು, ಕೆಲಸ ಪೂರ್ತಿ ಬೇರೆ. ಅಮ್ಮ ತಲೆಯಾಡಿಸಿದಳು, ಅರ್ಥವಾಗಿರಲಿಲ್ಲ. ಹೊರಗೆ ಬಂದ ಮೇಲೆ ನಾನು ನಮ್ಮ ಭಾಷೆಗೆ ತಂದೆ: ಕ್ಯಾಲ್ಸಿಯಂ ನೀರು, ಮೂಳೆಯೇ ಕೆರೆ, ರಕ್ತ ಗದ್ದೆ, ಈ ಗ್ರಂಥಿ ನೀರುಗಂಟಿ. ಗದ್ದೆಗೆ ನೀರು ಸಾಕಾದರೆ ಅವನು ತೂಬು ಮುಚ್ಚಬೇಕು. ನಿನ್ನ ನಾಲ್ವರಲ್ಲಿ ಒಬ್ಬ ಬದು ಒಡೆಯುತ್ತಿದ್ದರೂ ಮುಚ್ಚುತ್ತಿಲ್ಲ. ಅದಕ್ಕೇ ಕೆರೆ ಒಣಗುತ್ತಿದೆ. "ಹಾಗಾದರೆ ಅವನನ್ನು ಕೆಲಸದಿಂದ ತೆಗೆಯಿರಿ" ಎಂದಳು. ಚಿಕಿತ್ಸೆಯೂ ಅದೇ. ಆ ಗ್ರಂಥಿ ಗಡ್ಡೆಯಾಗಿ ಬೆಳೆದಿತ್ತು. ಗಡ್ಡೆ ಎಂದರೆ ಎದೆ ಧಸಕ್ಕೆನ್ನುತ್ತದೆ, ಆದರೆ ಇಲ್ಲಿ ಕ್ಯಾನ್ಸರ್ ಆಗಿರುವುದು ತೀರ ಅಪರೂಪ. ಹೆಚ್ಚಿನವರಲ್ಲಿ ಕೆಟ್ಟಿರುವುದು ಒಂದೇ ಗ್ರಂಥಿ.

ಅಮ್ಮನಿಗೆ ಶಸ್ತ್ರಚಿಕಿತ್ಸೆಗಿಂತ ಸಂಕಟವಾದದ್ದು ಇಪ್ಪತ್ನಾಲ್ಕು ಗಂಟೆ ಮೂತ್ರವನ್ನು ಕ್ಯಾನಿನಲ್ಲಿ ಹಿಡಿದಿಡಬೇಕಾದದ್ದು. ನೆಂಟರು ಬಂದರೆ ಕಾಣಬಾರದೆಂದು ಅದನ್ನು ಹಂಡೆಯ ಹಿಂದೆ ಬಚ್ಚಿಟ್ಟು ಕಾದಳು. ಕೆಲವು ಮನೆತನಗಳಲ್ಲಿ ರಕ್ತದ ಕ್ಯಾಲ್ಸಿಯಂ ಹುಟ್ಟಿನಿಂದಲೇ ಹೆಚ್ಚಿರುತ್ತದಂತೆ. ಅಂಥವರ ಮೂತ್ರದಲ್ಲಿ ಅದು ಕಡಿಮೆ ಹೋಗುತ್ತದೆ, ಕುತ್ತಿಗೆ ಕೊಯ್ದು ಪ್ರಯೋಜನವಿಲ್ಲ. ಅಮ್ಮನ ಕ್ಯಾನಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿತ್ತು. ಆಮೇಲೆ ಸೆಸ್ಟಾಮಿಬಿ ಸ್ಕ್ಯಾನ್: ಟೆಕ್ನೀಶಿಯಂ ಎಂಬ ವಿಕಿರಣ ಸೂಸುವ ಧಾತು ಬೆರೆತ ಔಷಧಿ ಚುಚ್ಚಿ ಒಮ್ಮೆ, ಎರಡು ಗಂಟೆ ಬಿಟ್ಟು ಮತ್ತೊಮ್ಮೆ ಚಿತ್ರ. ಎರಡನೆಯದರಲ್ಲಿ ಥೈರಾಯ್ಡ್ ಮಾಸಿತ್ತು. ಎಡಗಡೆ ಕೆಳಗೆ ಒಂದು ಚುಕ್ಕೆ ಮಾತ್ರ ಉಳಿದುಕೊಂಡಿತ್ತು, ಅದೇ ಕೆಟ್ಟ ಗ್ರಂಥಿ.

ಇವತ್ತು ಒಳಗೆ ಕರೆದುಕೊಂಡು ಹೋದ ಮೇಲೆ ಮೊಬೈಲಿನಲ್ಲಿ ಓದುತ್ತಾ ಕುಳಿತೆ, ಓದಬಾರದಿತ್ತು. ಮೊದಲು ಸಿಕ್ಕಿದ್ದು ತಮಾಷೆಯದು. ಈ ಗ್ರಂಥಿಯನ್ನು ಮೊದಲು ಕಂಡದ್ದು ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತದ ಒಂದು ಘೇಂಡಾಮೃಗದಲ್ಲಿ! ಅದನ್ನು ಕೊಯ್ದು ನೋಡಿದವರು ರಿಚರ್ಡ್ ಓವನ್. ಮನುಷ್ಯರಲ್ಲಿ ಗುರುತಿಸಿ 1880ರಲ್ಲಿ ಬರೆದದ್ದು ಸ್ವೀಡನ್ನಿನ ಉಪ್ಸಾಲದ ಐವಾರ್ ಸ್ಯಾಂಡ್‌ಸ್ಟ್ರಾಮ್. ಆಮೇಲೆ ಚಾರ್ಲ್ಸ್ ಮಾರ್ಟೆಲ್ ಎಂಬ ಹಡಗಿನ ಕಪ್ತಾನನ ಕಥೆ ಸಿಕ್ಕಿತು. ಕಾಯಿಲೆಯಿಂದ ಏಳು ಅಂಗುಲ ಕುಗ್ಗಿದ್ದ. ಆರು ಶಸ್ತ್ರಚಿಕಿತ್ಸೆಗಳಲ್ಲಿ ಸಿಗದ ಗಡ್ಡೆ 1932ರಲ್ಲಿ ಬಾಸ್ಟನ್ನಿನಲ್ಲಿ ಏಳನೆಯದರಲ್ಲಿ, ಕುತ್ತಿಗೆಯಲ್ಲಲ್ಲ, ಎದೆಯೊಳಗೆ ಸಿಕ್ಕಿತು. ಕೆಲವೇ ವಾರಗಳಲ್ಲಿ ಮೂತ್ರನಾಳದ ಕಲ್ಲಿನ ತೊಂದರೆಯಿಂದ ತೀರಿಕೊಂಡ. "ಏನು ಓದುತ್ತಿದ್ದೀಯ ಅಕ್ಕಾ?" ಎಂದು ತಮ್ಮ ಕೇಳಿದಾಗ ಘೇಂಡಾಮೃಗದ್ದು ಮಾತ್ರ ಹೇಳಿದೆ.

ಆ ಹಾರ್ಮೋನು ರಕ್ತದಲ್ಲಿ ಕೆಲವೇ ನಿಮಿಷ ಬಾಳುತ್ತದೆ. ಹಾಗಾಗಿ ಗಡ್ಡೆ ತೆಗೆದು ಹತ್ತು ನಿಮಿಷಕ್ಕೆ ಮತ್ತೆ ರಕ್ತ ನೋಡುತ್ತಾರೆ, ಅರ್ಧಕ್ಕಿಂತ ಕೆಳಗೆ ಇಳಿದಿರಬೇಕು. 251 ಇದ್ದದ್ದು 39ಕ್ಕೆ ಬಂತು. ವೈದ್ಯರು ಶೀಶೆಯಲ್ಲಿ ತೋರಿಸಿದರು. ಗಾತ್ರದಲ್ಲೂ ಬಣ್ಣದಲ್ಲೂ ಥೇಟ್ ಹುಣಸೆ ಬೀಜ. ಇದಕ್ಕೆ ಆರು ವರ್ಷ!

ಸಂಜೆ ಅಮ್ಮನ ತುಟಿಯ ಸುತ್ತ ಜುಮುಜುಮು ಎಂದಿತು. ನರ್ಸಮ್ಮ ಗಾಬರಿಯಾಗಲಿಲ್ಲ. ಇಷ್ಟು ವರ್ಷ ಉಪವಾಸವಿದ್ದ ಮೂಳೆಗಳು ಈಗ ಸಿಕ್ಕ ಕ್ಯಾಲ್ಸಿಯಂ ಅನ್ನೆಲ್ಲ ಎಳೆದುಕೊಳ್ಳುತ್ತವೆ, ಇನ್ನು ಕೆಲವು ವಾರ ದಿನಕ್ಕೆ ಮೂರು ಹೊತ್ತು ಮಾತ್ರೆ ಎಂದು ಒಂದು ಡಬ್ಬಿ ಕೊಟ್ಟರು. ಮಾರ್ಚಿನಲ್ಲಿ ನಾನು ಅಮ್ಮನ ಕೈಯಿಂದ ಕಿತ್ತುಕೊಂಡು ಕಸದ ಬುಟ್ಟಿಗೆ ಎಸೆದದ್ದೂ ಇದೇ ಮಾತ್ರೆಯನ್ನು.

ಅಮ್ಮ ಡಬ್ಬಿಯನ್ನು ತಿರುಗಿಸಿ ನೋಡಿದಳು, ನನ್ನನ್ನೂ ನೋಡಿದಳು. ಸ್ವರ ಇನ್ನೂ ಒಡೆದಿತ್ತು. "ನೀವು ಮೊದಲು ಒಂದು ಮಾತಿಗೆ ಬನ್ನಿ" ಎಂದು ಹೇಳಿ ನುಂಗಿದಳು.