ತೋಟದ ಮನೆಗೆ ಯಾವ ಇಂಟರ್‌ನೆಟ್?

ತೀರ್ಥಹಳ್ಳಿ ಸಮೀಪದ ನಮ್ಮ ತೋಟದ ಮನೆಗೆ ಹೊಸ ಇಂಟರ್‌ನೆಟ್ ಸಂಪರ್ಕ ಪಡೆಯಲು ಹೊರಟಾಗ ನನ್ನ ಮುಂದಿದ್ದ ದಾರಿಗಳು ಮೂರು: ಹಳೆಯ ದೂರವಾಣಿಯ ತಾಮ್ರದ ತಂತಿ, ಕಂಬದಿಂದ ಕಂಬಕ್ಕೆ ಎಳೆದ ಫೈಬರ್ ಎಂಬ ಗಾಜಿನ ಎಳೆ ಮತ್ತು ಮೊಬೈಲ್ ಟವರಿನ ಸಿಗ್ನಲ್ ಹಿಡಿಯಲು ತಾರಸಿಯ ಮೇಲೆ ಡಬ್ಬಿ ಕೂರಿಸುವ 5ಜಿ ಏರ್‌ಫೈಬರ್.

ತಾಮ್ರದ ವಿಚಾರ ಬೇಗ ಮುಗಿಯಿತು. ಆ ತಂತಿಯ ಮೇಲೆ ಇಂಟರ್‌ನೆಟ್ ಕೊಡುವ ಎಡಿಎಸ್‌ಎಲ್‌ನಲ್ಲಿ ದೂರವಾಣಿ ಎಕ್ಸ್‌ಚೇಂಜಿನಿಂದ ದೂರ ಹೆಚ್ಚಿದಷ್ಟೂ ವೇಗ ಕುಸಿಯುತ್ತದೆ, ನಮ್ಮ ಮನೆಯೋ 4 ಕಿಲೋಮೀಟರ್ ಆಚೆಗಿದೆ. ಏರ್‌ಫೈಬರ್ ಆಸೆ ಹುಟ್ಟಿಸಿತಾದರೂ ಅದು ಹೆಸರಿಗಷ್ಟೇ ಫೈಬರ್. ಕೊನೆಯ ಹಂತವೆಲ್ಲ ರೇಡಿಯೊ ತರಂಗಗಳದ್ದೇ ಆದ್ದರಿಂದ, ಟವರಿಗೂ ಮನೆಗೂ ನಡುವೆ ಗುಡ್ಡವೋ ದಟ್ಟ ಮರಗಳೋ ಅಡ್ಡ ಬಂದರೆ ಸಿಗ್ನಲ್ ಸೊರಗುತ್ತದೆ. ಪರೀಕ್ಷಿಸಲು ಬಂದ ಹುಡುಗ ತಾರಸಿಯ ನಾಲ್ಕೂ ಮೂಲೆಗಳಲ್ಲಿ ಫೋನ್ ಹಿಡಿದು ನಿಂತು, ಕೊನೆಗೆ ಎದುರಿನ ಗುಡ್ಡವನ್ನು ನೋಡಿ ಸುಮ್ಮನೆ ಕೆಳಗಿಳಿದ.

ಉಳಿದದ್ದು ಫೈಬರ್. ಮನೆಗಳಿಗೆ ಸಾಮಾನ್ಯವಾಗಿ ಕೊಡುವ ಜಿಪಾನ್ ಎಂಬ ಫೈಬರ್ ವ್ಯವಸ್ಥೆಯಲ್ಲಿ ಒಂದೇ ಎಳೆಯ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಡೌನ್‌ಲೋಡ್ ವೇಗವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಗಾಜಿನ ಎಳೆಯಲ್ಲಿ ಬೆಳಕು ಹರಿಯುವುದೇ ಹೊರತು ವಿದ್ಯುತ್ತಲ್ಲ. ಸಿಡಿಲಿಗೆ ಎರಡು ಮೋಡೆಮ್ ಕಳೆದುಕೊಂಡ ನನಗೆ ವೇಗಕ್ಕಿಂತ ಇದೇ ದೊಡ್ಡ ಸಮಾಧಾನವಾಗಿತ್ತು. ಆದರೆ ಕೊಂಬೆ ಬಿದ್ದು ಎಳೆ ತುಂಡಾದರೆ ಮನೆಯೊಳಗಿನ ಫೈಬರ್ ಮೋಡೆಮ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಮಿನುಗುತ್ತದೆ, ಜುಲೈ ತಿಂಗಳಲ್ಲಿ ಅದು 9 ದಿನ ಮಿನುಗಿತು. 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ವೇಗ ಸಾಕೋ 300 ಬೇಕೋ ಎಂದು ತಲೆಕೆಡಿಸಿಕೊಂಡಿದ್ದ ನಾನು, ತುಂಡಾದ ಫೈಬರನ್ನು ಬೆಸೆಯುವ ಯಂತ್ರ ಯಾವ ಊರಿನಲ್ಲಿದೆ ಎಂಬುದನ್ನು ಮೊದಲೇ ಕೇಳಬೇಕಿತ್ತು. ಅದು ಶಿವಮೊಗ್ಗದಿಂದ ಬರಬೇಕಾಗಿತ್ತು.