ಗೆರೆಯ ಪಕ್ಕ ನಿಂತವರು

ನಿನ್ನೆ ಕೊಪ್ಪಳ ಜಿಲ್ಲೆಯ ನಮ್ಮ ಹೋಬಳಿಯ ಶಾಲಾ ಕ್ರೀಡಾಕೂಟದಲ್ಲಿ ಬಾಲಕರ ಕಬಡ್ಡಿ ನೋಡುತ್ತಿದ್ದೆ. ಕೊನೆಯ ನಿಮಿಷಗಳಲ್ಲಿ ಒಬ್ಬ ಹುಡುಗನಿಗೆ ಬೋನಸ್ ಅಂಕ ಕೊಡಲಿಲ್ಲವೆಂದು ಪಾಲಕರಿಬ್ಬರು ಅಂಕಣದೊಳಗೆ ನುಗ್ಗಿ, ಮಕ್ಕಳ ಎದುರೇ ಅಂಪೈರನ್ನು ಬಾಯಿಗೆ ಬಂದಂತೆ ಬೈದರು. ಆತ ಪಕ್ಕದ ಊರಿನ ಯುವಕ. ಬೆರಳುಗಳ ನಡುವೆ ಹಿಡಿದಿದ್ದ ಸೀಟಿ ನಡುಗುತ್ತಿದ್ದುದನ್ನು ಹತ್ತಿರದಿಂದ ಕಂಡೆ.

ಆ ಅಂಕ ಸಿಗಬೇಕಾದರೆ ಎದುರು ಅಂಕಣದಲ್ಲಿ ಕನಿಷ್ಠ 6 ಆಟಗಾರರಿರಬೇಕು, ದಾಳಿಗಾರನ ಒಂದು ಪಾದ ಬೋನಸ್ ಗೆರೆಯಾಚೆ ನೆಲ ಮುಟ್ಟುವಾಗ ಇನ್ನೊಂದು ಪಾದ ಗಾಳಿಯಲ್ಲಿರಬೇಕು. ಸುಣ್ಣದ ಗೆರೆ ಅರ್ಧ ಅಳಿಸಿಹೋಗಿ ಧೂಳೆದ್ದಿರುವ ಮೈದಾನದಲ್ಲಿ, ವಿಡಿಯೊದ ಆಸರೆಯಿಲ್ಲದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಇದನ್ನು ನಿರ್ಣಯಿಸುವುದು ಎಷ್ಟು ಕಷ್ಟವೆಂಬುದನ್ನು ಬೈದವರು ಯೋಚಿಸಿರಲಿಲ್ಲ. ನಿಯಮದಂತೆ ಒಬ್ಬ ರೆಫರಿ, ಇಬ್ಬರು ಅಂಪೈರ್‌ಗಳಿರಬೇಕು. ಇಲ್ಲಿ ಇಬ್ಬರೇ ಇದ್ದರು, ಏಕೆಂದರೆ ಬರುವವರೇ ಇಲ್ಲ. ಹೋದ ವರ್ಷ ತಾವು ತರಬೇತಿ ಕೊಟ್ಟ ಮೂವರು ಹುಡುಗರಲ್ಲಿ ಉಳಿದವನು ಇವನೊಬ್ಬನೇ ಎಂದು ದೈಹಿಕ ಶಿಕ್ಷಣ ಶಿಕ್ಷಕರು ಹೇಳಿದಾಗ ನನಗೆ ನಿಜವಾಗಿಯೂ ಸಂಕಟವಾಯಿತು.

ಇಂಗ್ಲೆಂಡ್‌ನಲ್ಲಿ ವಯಸ್ಕರ ಹವ್ಯಾಸಿ ಫುಟ್‌ಬಾಲ್ ಪಂದ್ಯಗಳ ರೆಫರಿಗಳಿಗೆ 2023ರಲ್ಲಿ ಪ್ರಾಯೋಗಿಕವಾಗಿ ಎದೆಗೆ ಕ್ಯಾಮೆರಾ ಕಟ್ಟಿದರು. ಬೈಗುಳ ಅಲ್ಲಿಯೂ ಅಷ್ಟು ಮುಂದುವರಿದಿತ್ತು. ನಮ್ಮ ಹೋಬಳಿಗೆ ಕ್ಯಾಮೆರಾ ಬೇಕಿಲ್ಲ, ಪಾಲಕರನ್ನು ಗೆರೆಯಿಂದ ಹತ್ತು ಹೆಜ್ಜೆ ಹಿಂದೆ ನಿಲ್ಲಿಸುವ ಒಂದು ಹಗ್ಗ ಸಾಕು ಎಂಬುದು ನನ್ನ ಅಭಿಪ್ರಾಯ. ತಾಲ್ಲೂಕು ಮಟ್ಟದ ಪಂದ್ಯಗಳ ದಿನ ಆ ಹಗ್ಗ ಹಿಡಿದು ನಿಲ್ಲಲು ನಾನು ಬರುತ್ತೇನೆಂದು ಶಿಕ್ಷಕರಿಗೆ ತಿಳಿಸಿದ್ದೇನೆ. ಇನ್ನೂ ಮೂವರು ಬೇಕು.